ಕಡಿಮೆ ಖರ್ಚಿನಲ್ಲಿ ಒಂದು ಡೀಸೆಲ್ ಇಂಜಿನ್

(ಶಾಲೆಯ ಸುವರ್ಣ ಮಹೋತ್ಸವದ ಅಂಗವಾಗಿ ಏರ್ಪಡಿಸಿದ್ದ ಹಳೆಯ ವಿದ್ಯಾರ್ಥಿಗಳ ಉಪನ್ಯಾಸ ಮಾಲೆಯಲ್ಲಿ, ವಿಜ್ಞಾನ ಸಂಘದ ಮಕ್ಕಳ ಮುಂದೆ ನೀಡಿದ ಉಪನ್ಯಾಸದ ಬರಹ ರೂಪ. ಉಪನ್ಯಾಸಕರು ಶಾಲೆಯ ಎರಡನೆಯ ತಂಡದ ವಿದ್ಯಾರ್ಥಿ; ಕೃಷ್ಣರಾಜಪುರಂ ಡೀಸೆಲ್ ಲೋಕೋ ಶೆಡ್ಡಿನಲ್ಲಿ ಫಿಟ್ಟರ್ ಆಗಿ ದುಡಿದು ನಿವೃತ್ತರಾದವರು.)



ಸಂಘದ ಮೇಷ್ಟ್ರು ನನಗೆ ಫೋನ್ ಮಾಡಿ, "ಸರ್, ನಿಮ್ಮ ಸಾಧನೆಯ ಬಗ್ಗೆ ಮಕ್ಕಳಿಗೆ ನಾಲ್ಕು ಮಾತು ಹೇಳಿ" ಅಂದರು. ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಗ್ರೀಸು, ಡೀಸೆಲ್ಲು, ಸ್ಪ್ಯಾನರು ಹಿಡಿದವನು ಸಾಧನೆಯ ಬಗ್ಗೆ ಹೇಳುವುದೇನು? ಅದರ ಬದಲು ಒಂದು ಕೆಲಸದ ಬಗ್ಗೆ ಹೇಳುತ್ತೇನೆ ಅಂದೆ. ಒಪ್ಪಿಕೊಂಡರು. ಆ ಕೆಲಸ ಈ ಮೇಜಿನ ಮೇಲಿದೆ. ಹಿಂದಿನ ಸಾಲಿನವರಿಗೆ ಕಾಣಿಸುತ್ತಿಲ್ಲ ಅಂತ ಗೊತ್ತು, ಆಮೇಲೆ ಎಲ್ಲರೂ ಬಂದು ನೋಡಬಹುದು, ಮುಟ್ಟಲೂಬಹುದು.

ಇದು ಡಬ್ಲ್ಯೂಡಿಎಂ-2 ಡೀಸೆಲ್ ಇಂಜಿನ್ನಿನ ಮಾದರಿ. ಉದ್ದ 197 ಮಿಲಿಮೀಟರ್, ಅಂದರೆ ನಿಮ್ಮ ಜಾಮಿಟ್ರಿ ಪೆಟ್ಟಿಗೆಗಿಂತ ಸ್ವಲ್ಪವೇ ಉದ್ದ. ಹಳಿಯ ಮೇಲಿಟ್ಟು ಕರೆಂಟು ಕೊಟ್ಟರೆ ಓಡುತ್ತದೆ, ಮುಂದೆ ಹೋಗುವಾಗ ಮುಂದಿನ ದೀಪ, ಹಿಂದೆ ಬರುವಾಗ ಹಿಂದಿನ ದೀಪ ಹತ್ತುತ್ತದೆ. ಇಂಥ ಒಳ್ಳೆಯ ಮಾದರಿಯನ್ನು ಹೊರದೇಶದಿಂದ ತರಿಸಿದರೆ ಹತ್ತು ಸಾವಿರ ದಾಟುತ್ತದೆ. ಇದಕ್ಕೆ ನನ್ನ ಕೈಯಿಂದ ಖರ್ಚಾದದ್ದು 1,880 ರೂಪಾಯಿ. ಲೆಕ್ಕ ಕೊನೆಯಲ್ಲಿ ಕೊಡುತ್ತೇನೆ. ಮೊದಲು ಇದು ಯಾವ ಇಂಜಿನ್ನು ಅನ್ನುವುದು ಗೊತ್ತಾಗಬೇಕು.

ಹೆಸರಲ್ಲೇ ಜಾತಕ ಇದೆ. ಡಬ್ಲ್ಯೂ ಅಂದರೆ ಅಗಲ ಹಳಿ, ನಮ್ಮ ಬ್ರಾಡ್ ಗೇಜ್. ಮೀಟರ್ ಗೇಜ್ ಆಗಿದ್ದರೆ ಅಲ್ಲಿ ವೈ ಇರುತ್ತಿತ್ತು. ಡಿ ಅಂದರೆ ಡೀಸೆಲ್. ಎಂ ಅಂದರೆ ಮಿಶ್ರ, ಪ್ರಯಾಣಿಕರ ಗಾಡಿಗೂ ಸೈ, ಗೂಡ್ಸಿಗೂ ಸೈ. 2 ಅಂದರೆ ಆ ವರ್ಗದಲ್ಲಿ ಎರಡನೆಯ ಮಾದರಿ. ಅಮೆರಿಕದ ನ್ಯೂಯಾರ್ಕ್ ರಾಜ್ಯದ ಸ್ಕೆನೆಕ್ಟಡಿಯಲ್ಲಿದ್ದ ಆಲ್ಕೋ ಕಂಪನಿಯ ವಿನ್ಯಾಸ ಇದು. 1962ರಲ್ಲಿ ಮೊದಲ ಇಂಜಿನ್ನುಗಳು ಹಡಗಿನಲ್ಲಿ ಬಂದವು. 1964ರ ಜನವರಿಯಲ್ಲಿ ವಾರಾಣಸಿಯ ಡೀಸೆಲ್ ಲೋಕೋಮೋಟಿವ್ ವರ್ಕ್ಸ್ ತನ್ನ ಮೊದಲ ಇಂಜಿನ್ನನ್ನು ಹೊರಗೆ ತಂದಿತು. ಹದಿನಾರು ಸಿಲಿಂಡರ್, 2,600 ಅಶ್ವಶಕ್ತಿ, ಗಂಟೆಗೆ 120 ಕಿಲೋಮೀಟರ್ ವೇಗ, 112.8 ಟನ್ ತೂಕ. ವಿನ್ಯಾಸ ಮಾಡಿದ ಆಲ್ಕೋ 1969ರಲ್ಲೇ ಬಾಗಿಲು ಹಾಕಿತು. ಆದರೆ ಅದರ ಕೂಸು ನಮ್ಮ ದೇಶದಲ್ಲಿ ಬೆಳೆಯುತ್ತಲೇ ಹೋಯಿತು. ಎರಡೂವರೆ ಸಾವಿರಕ್ಕೂ ಹೆಚ್ಚು ಡಬ್ಲ್ಯೂಡಿಎಂ-2ಗಳು ತಯಾರಾದವು. ನಿಮ್ಮ ಅಪ್ಪ ಅಮ್ಮಂದಿರು ಮದುವೆಗೆ, ತವರಿಗೆ, ಕೆಲಸ ಹುಡುಕಿಕೊಂಡು ಬೆಂಗಳೂರಿಗೆ ಅಂತ ರೈಲು ಹತ್ತಿದ್ದರೆ ಬಹಳ ಸಲ ಅದನ್ನು ಎಳೆದದ್ದು ಇಂಥ ಇಂಜಿನ್ನೇ. ಹೊರಡುವಾಗ ಒಂದು ಸಲ ದಟ್ಟ ಕರಿ ಹೊಗೆ ಬಿಟ್ಟು, ಗುಡುಗುಡು ಅಂತ ಲಯ ತಪ್ಪಿದ ಡೋಲಿನ ಹಾಗೆ ಸದ್ದು ಮಾಡುತ್ತಿತ್ತಲ್ಲ, ಅದೇ.

ಈಗ ನಮ್ಮ ಬ್ರಾಡ್ ಗೇಜ್ ಮಾರ್ಗಗಳು ಬಹುತೇಕ ವಿದ್ಯುದೀಕರಣವಾಗಿವೆ. ವಾರಾಣಸಿಯ ಕಾರ್ಖಾನೆಯ ಹೆಸರಿನಿಂದಲೇ 2020ರಲ್ಲಿ ಡೀಸೆಲ್ ಅನ್ನುವ ಪದ ಹೋಯಿತು, ಅಲ್ಲಿ ಈಗ ವಿದ್ಯುತ್ ಇಂಜಿನ್ನುಗಳು ತಯಾರಾಗುತ್ತವೆ. ಅದು ಒಳ್ಳೆಯದೇ. ಹೊಗೆ ಕಡಿಮೆ, ಶಕ್ತಿ ಹೆಚ್ಚು. ನನಗೇನೂ ದೂರಿಲ್ಲ. ಆದರೆ ನಾನು ಕೈಯಾರೆ ಬೋಲ್ಟು ಬಿಗಿದ ಇಂಜಿನ್ನುಗಳು ಒಂದೊಂದಾಗಿ ಹರಾಜಾಗಿ, ಗ್ಯಾಸ್ ಕಟರಿನ ಬಾಯಿಗೆ ಹೋದವು. ಒಂದೆರಡನ್ನು ಬಣ್ಣ ಹಚ್ಚಿ ಪ್ರದರ್ಶನಕ್ಕೆ ನಿಲ್ಲಿಸುತ್ತಾರೆ. ಉಳಿದವುಗಳ ಗುರುತು ಎಲ್ಲಿರುತ್ತದೆ? ರಿಜಿಸ್ಟರಿನಲ್ಲಿ ಒಂದು ಐದಂಕಿಯ ನಂಬರು, ಅಷ್ಟೆ. ಅದಕ್ಕೇ ನಿವೃತ್ತಿಯಾದ ಮೇಲೆ ತೀರ್ಮಾನ ಮಾಡಿದೆ: ನನಗೆ ಚೆನ್ನಾಗಿ ಗೊತ್ತಿರುವ ಒಂದೇ ಒಂದು ಇಂಜಿನ್ನನ್ನು, ಒಂದು ನಿರ್ದಿಷ್ಟ ವರ್ಷದಲ್ಲಿ ಅದು ಹೇಗಿತ್ತೋ ಹಾಗೆ, ಮಾಡಿಡಬೇಕು. "ಒಂದು ರೈಲು ಇಂಜಿನ್" ಮಾಡಿದರೆ ಅದು ಆಟಿಕೆ. "ಈ ನಂಬರಿನ ಇಂಜಿನ್, ಈ ವರ್ಷದಲ್ಲಿ" ಅಂತ ಮಾಡಿದರೆ ಅದು ದಾಖಲೆ. ಇವೆರಡರ ನಡುವಿನ ವ್ಯತ್ಯಾಸಕ್ಕೆ ದುಡ್ಡು ಬೇಕಾಗಿಲ್ಲ. ಕಣ್ಣು ಬೇಕು, ಅಳತೆಪಟ್ಟಿ ಬೇಕು, ತಾಳ್ಮೆ ಬೇಕು. ಇವತ್ತು ನಾನು ಹೇಳಬೇಕೆಂದಿರುವುದು ಇಷ್ಟೇ. ಇನ್ನುಳಿದದ್ದು ಹೇಗೆ ಮಾಡಿದೆ ಅನ್ನುವ ವಿವರ.

ಅಳತೆಯ ಲೆಕ್ಕ

ಭಾನುವಾರದ ಹಳೇ ಸಾಮಾನಿನ ಸಂತೆಯಲ್ಲಿ ಒಂದು ಅಮೆರಿಕನ್ ಮಾದರಿ ಡೀಸೆಲ್ ಇಂಜಿನ್ ಸಿಕ್ಕಿತು. ಮೈ ಒಡೆದಿತ್ತು, ಓಡುತ್ತಿರಲಿಲ್ಲ. ಜೊತೆಗೆ ಒಂದಷ್ಟು ತುಂಡು ಹಳಿ. ಎಲ್ಲಾ ಸೇರಿ 1,100 ರೂಪಾಯಿ. ಮೈ ಒಡೆದದ್ದರಿಂದಲೇ ಅಗ್ಗ. ನನಗೆ ಮೈ ಬೇಕಾಗಿರಲಿಲ್ಲ, ಕೆಳಗಿನ ಚಾಸಿ ಬೇಕಿತ್ತು: ಆರು ಅಚ್ಚು, ಎರಡು ಬೋಗಿ, ನಡುವೆ ಮೋಟಾರು. ಅಂದ ಹಾಗೆ ಮಕ್ಕಳೆ, ನಾವು ಊರಲ್ಲಿ ರೈಲು ಡಬ್ಬಿಗೇ ಬೋಗಿ ಅನ್ನುತ್ತೇವೆ. ರೈಲ್ವೆ ಕೆಲಸಗಾರರಿಗೆ ಬೋಗಿ ಅಂದರೆ ಡಬ್ಬಿಯ ಅಥವಾ ಇಂಜಿನ್ನಿನ ಅಡಿಯಲ್ಲಿ ಗಾಲಿಗಳನ್ನು ಹಿಡಿದಿರುವ ಚೌಕಟ್ಟು. ಅದು ತಿರುಗುವುದರಿಂದಲೇ ಗಾಡಿ ತಿರುವಿನಲ್ಲಿ ಹಳಿ ತಪ್ಪದೆ ಹೋಗುತ್ತದೆ.

ಈ ಮಾದರಿಗಳು ಎಚ್‌ಒ ಎಂಬ ಪ್ರಮಾಣದವು. ನಿಜವಾದ ಅಳತೆಯ 87ರಲ್ಲಿ ಒಂದು ಭಾಗ. ನಿಜ ಇಂಜಿನ್ನಿನ ಉದ್ದ ಬಫರಿನಿಂದ ಬಫರಿಗೆ 17,120 ಮಿ.ಮೀ. ಅದನ್ನು 87ರಿಂದ ಭಾಗಿಸಿ, 197 ಬರುತ್ತದೆ. ಅಗಲ 2,864, ಭಾಗಿಸಿದರೆ 33. ಎತ್ತರ 4,185, ಭಾಗಿಸಿದರೆ 48. ಗಾಲಿಯ ವ್ಯಾಸ 1,092, ಭಾಗಿಸಿದರೆ ಹನ್ನೆರಡೂವರೆ. ನಮ್ಮ ಗಣಿತದ ಮೇಷ್ಟ್ರು ಅನುಪಾತದ ಪಾಠ ಮಾಡುವಾಗ "ಇದೆಲ್ಲಾ ಎಲ್ಲಿ ಉಪಯೋಗಕ್ಕೆ ಬರುತ್ತೆ ಸಾರ್" ಅಂತ ಹಿಂದಿನ ಬೆಂಚಿನಿಂದ ಒಬ್ಬ ಕೇಳುತ್ತಿದ್ದ. ಅವನು ಇಲ್ಲೇ ಕೂತಿದ್ದಾನೆ. ಇಲ್ಲಿ ಬರುತ್ತದಪ್ಪಾ.

ಈಗ ಒಂದು ತೊಡಕು. ಎಚ್‌ಒ ಹಳಿಗಳ ನಡುವಿನ ಅಂತರ 16.5 ಮಿ.ಮೀ. ಅದು ಅಮೆರಿಕ, ಯುರೋಪಿನ 1,435 ಮಿ.ಮೀ. ಹಳಿಗೆ ಸರಿಹೊಂದುತ್ತದೆ. ನಮ್ಮ ಬ್ರಾಡ್ ಗೇಜ್ 1,676 ಮಿ.ಮೀ. ಅದನ್ನು 87ರಿಂದ ಭಾಗಿಸಿದರೆ 19.26 ಬರಬೇಕು. ಅಂದರೆ ಈ ಮಾದರಿಯ ಕಾಲುಗಳು ಮುಕ್ಕಾಲು ಪಾಲು ಮೂರು ಮಿ.ಮೀ.ನಷ್ಟು ಹತ್ತಿರ ಹತ್ತಿರ ನಿಂತಿವೆ. ಏನು ಮಾಡುವುದು? ಒಂದು ದಾರಿ ಇದೆ, ಬಹಳ ಚೆಂದದ ದಾರಿ. 87ರ ಬದಲು 100ರಿಂದ ಭಾಗಿಸಿ. 1,676 ಮಿ.ಮೀ. 16.76 ಆಗುತ್ತದೆ. ಹಳಿ 16.5. ವ್ಯತ್ಯಾಸ ಕಾಲು ಮಿ.ಮೀ. ಮಾತ್ರ! ಮೀಟರಿಗೆ ಒಂದು ಸೆಂಟಿಮೀಟರ್, ಲೆಕ್ಕವೂ ಸುಲಭ. ಚಾಸಿಯನ್ನೂ ಸ್ವಂತವಾಗಿ ಮಾಡುವಷ್ಟು ಧೈರ್ಯ ಇರುವವರು ಒಂದಕ್ಕೆ ನೂರರ ಪ್ರಮಾಣ ಹಿಡಿಯಿರಿ ಅಂತ ನಾನು ಹೇಳುತ್ತೇನೆ. ನನ್ನ ಹತ್ತಿರ ಇದ್ದ ಗಾಲಿ, ಬೋಗಿ, ಉದ್ದ ಎಲ್ಲವೂ 87ರ ಲೆಕ್ಕಕ್ಕೆ ಹೊಂದುತ್ತಿದ್ದವು, ಆದ್ದರಿಂದ ಹಳಿಯೊಂದು ಕಿರಿದಾದರೆ ಆಗಲಿ ಅಂತ 87ನ್ನೇ ಉಳಿಸಿಕೊಂಡೆ.

ಯಾವ ಮಾದರಿಯಾದರೂ ಎಲ್ಲೋ ಒಂದು ಕಡೆ ಸುಳ್ಳು ಹೇಳಲೇಬೇಕು. ಎಲ್ಲಿ ಸುಳ್ಳು ಹೇಳಿದ್ದೇವೆ ಅನ್ನುವುದು ಮಾಡಿದವನಿಗೆ ಗೊತ್ತಿರಬೇಕು, ಬರೆದಿಡಬೇಕು. ಈ ಇಂಜಿನ್ನಿನ ಜೊತೆ ಒಂದು ನಲವತ್ತು ಪುಟದ ನೋಟ್ ಪುಸ್ತಕ ಇದೆ. ಮೊದಲ ಪುಟದ ತಲೆಬರಹವೇ "ಸುಳ್ಳುಗಳು". ಒಂದು, ಹಳಿಯ ಅಂತರ. ಎರಡು, ಬೋಗಿಯಲ್ಲಿ ಗಾಲಿಗಳ ನಡುವಿನ ದೂರ: ನಿಜ ಇಂಜಿನ್ನಿನ ಮೂರು ಅಚ್ಚುಗಳಲ್ಲಿ ಎರಡು ಹತ್ತಿರ, ಒಂದು ದೂರ; ನನಗೆ ಸಿಕ್ಕ ಚಾಸಿಯಲ್ಲಿ ಮೂರೂ ಸಮ ದೂರ. ಮೂರು, ಡಬ್ಬಿ ಸೇರಿಸುವ ಕೊಕ್ಕೆ. ನಾಳೆ ಯಾರಾದರೂ ಈ ಮಾದರಿ ನೋಡಿ ನಿಜ ಇಂಜಿನ್ ತಿಳಿಯಲು ಹೊರಟರೆ ಯಾವುದನ್ನು ನಂಬಬೇಕು, ಯಾವುದನ್ನು ನಂಬಬಾರದು ಅಂತ ಅವರಿಗೆ ಗೊತ್ತಾಗಬೇಕು.

ಸತ್ತ ಮೋಟಾರಿಗೆ ಜೀವ

ಶೆಡ್ಡಿಗೆ ಇಂಜಿನ್ ಬಂದರೆ ನಾವು ಮೊದಲು ಮಾಡುತ್ತಿದ್ದ ಕೆಲಸ ಬಿಚ್ಚುವುದಲ್ಲ, ಕಿವಿಗೊಡುವುದು. ಇಲ್ಲೂ ಹಾಗೇ. ಮೋಟಾರಿನ ಎರಡು ತುದಿಗೆ 9 ವೋಲ್ಟಿನ ಬ್ಯಾಟರಿ ಮುಟ್ಟಿಸಿದೆ. ಗುಂಯ್ ಅಂತ ಒಂದು ಸಣ್ಣ ಸದ್ದು ಬಂತು, ತಿರುಗಲಿಲ್ಲ. ಸದ್ದು ಬಂದರೆ ಜೀವ ಇದೆ ಅಂತ ಅರ್ಥ. ಬಿಚ್ಚಿದರೆ ಒಳಗೆ ಹಳೇ ಗ್ರೀಸು ಬೆಲ್ಲದ ಅಂಟಿನ ಹಾಗೆ ಗಟ್ಟಿಯಾಗಿತ್ತು. ಔಷಧಿ ಅಂಗಡಿಯಲ್ಲಿ ಸಿಗುವ ಸ್ಪಿರಿಟ್ಟು, ಹಳೇ ಹಲ್ಲುಜ್ಜುವ ಬ್ರಷ್ಷು ತೆಗೆದುಕೊಂಡು ಗೇರುಗಳನ್ನೆಲ್ಲಾ ತೊಳೆದೆ. ಗಾಲಿಗಳಿಗೆ ಹತ್ತಿದ್ದ ಕಪ್ಪು ಮಸಿಯನ್ನೂ ತೆಗೆದೆ. ಯಾಕೆಂದರೆ ಕರೆಂಟು ಹಳಿಯಿಂದ ಗಾಲಿಯ ಮೂಲಕವೇ ಮೋಟಾರಿಗೆ ಹೋಗಬೇಕು, ನಡುವೆ ಕೊಳೆ ಇದ್ದರೆ ಹಾದಿ ಬಂದ್. ಆಮೇಲೆ ಹೊಲಿಗೆ ಮಿಷನ್ ಎಣ್ಣೆ, ಸೂಜಿಯ ತುದಿಯಲ್ಲಿ ಒಂದೊಂದು ಹನಿ. ಎಣ್ಣೆ ಹೆಚ್ಚಾದರೆ ಅದೇ ಮತ್ತೆ ಕೊಳೆಗೆ ಅಂಟಾಗುತ್ತದೆ.

ಈಗ ಓಡಿತು, ಆದರೆ ಗಾಲಿ ಸುತ್ತಿದಾಗಲೆಲ್ಲಾ ತಟಕ್, ತಟಕ್ ಅಂತ ಕುಂಟುತ್ತಿತ್ತು. ಸುತ್ತಿಗೊಂದು ಸಲ ನಿಯಮಿತವಾಗಿ ಬರುವ ಸದ್ದು ಅಂದರೆ ತಿರುಗುವ ವಸ್ತುವಿನಲ್ಲಿ ಒಂದೇ ಜಾಗದಲ್ಲಿ ದೋಷ ಇದೆ ಅಂತ. ಭೂತಗನ್ನಡಿ ಹಿಡಿದು ನೋಡಿದರೆ ಅಚ್ಚಿನ ಮೇಲಿನ ಎರಡು ಪ್ಲಾಸ್ಟಿಕ್ ಗೇರುಗಳಲ್ಲಿ ಕೂದಲೆಳೆಯ ಬಿರುಕು. ಬದಲಿ ಗೇರಿಗೆ 160 ರೂಪಾಯಿ. ಕುಂಟು ಹೋಯಿತು.

ಇಲ್ಲಿ ಒಂದು ಮಾತು ಹೇಳಿ ಮುಂದೆ ಹೋಗುತ್ತೇನೆ. ಡೀಸೆಲ್ ಇಂಜಿನ್ನಿನಲ್ಲಿ ಗಾಲಿ ತಿರುಗಿಸುವುದು ಡೀಸೆಲ್ ಅಂತ ಬಹಳ ಜನ ತಿಳಿದಿದ್ದಾರೆ. ಅಲ್ಲ. ಡೀಸೆಲ್ ಉರಿದು ಜನರೇಟರನ್ನು ತಿರುಗಿಸುತ್ತದೆ, ಜನರೇಟರಿನ ಕರೆಂಟು ಪ್ರತಿ ಅಚ್ಚಿನ ಮೇಲಿರುವ ಮೋಟಾರಿಗೆ ಹೋಗುತ್ತದೆ, ಮೋಟಾರು ಗಾಲಿ ತಿರುಗಿಸುತ್ತದೆ. ತನ್ನ ವಿದ್ಯುತ್ ಸ್ಥಾವರವನ್ನು ತಾನೇ ಬೆನ್ನ ಮೇಲೆ ಹೊತ್ತು ಓಡುವ ವಿದ್ಯುತ್ ಇಂಜಿನ್ ಅದು. ಆದ್ದರಿಂದ ಈ ಪುಟ್ಟ ಮೋಟಾರು ದೊಡ್ಡದಕ್ಕೆ ಅಷ್ಟೇನೂ ದೂರದ ನೆಂಟನಲ್ಲ.

ಎಟಿಎಂ ಕಾರ್ಡಿನ ಮೈ

ಮೈ ಕಟ್ಟಲು ತೆಳುವಾದ, ಗಟ್ಟಿಯಾದ, ನೇರವಾಗಿ ಕತ್ತರಿಸಬಹುದಾದ ಹಾಳೆ ಬೇಕು. ವಿದೇಶದ ಹವ್ಯಾಸಿಗಳು ಅದಕ್ಕೆಂದೇ ಪ್ಲಾಸ್ಟಿಕ್ ಹಾಳೆ ಕೊಳ್ಳುತ್ತಾರೆ. ನಮ್ಮ ಮನೆಯಲ್ಲೇ ಅದು ಬಿಟ್ಟಿ ಬಿದ್ದಿತ್ತು: ಅವಧಿ ಮುಗಿದ ಎಟಿಎಂ ಕಾರ್ಡು, ಸಿಮ್ ಬಿಡಿಸಿಕೊಂಡ ಮೇಲೆ ಉಳಿಯುವ ಕಾರ್ಡು. ಎಲ್ಲಾ ಒಂದೇ ಅಳತೆ, 85.6 ಮಿ.ಮೀ. ಉದ್ದ, 54 ಅಗಲ, ದಪ್ಪ ಮುಕ್ಕಾಲು ಮಿ.ಮೀ. ನೆಂಟರಿಷ್ಟರಿಗೆ ಹೇಳಿ ಮೂವತ್ತು ಕಾರ್ಡು ಕೂಡಿಸಿದೆ. ಎಟಿಎಂ ಕಾರ್ಡಾದರೆ ಮೊದಲು ಚಿಪ್ಪನ್ನೂ ಕಪ್ಪು ಪಟ್ಟಿಯನ್ನೂ ಕತ್ತರಿಸಿ ಬಿಸಾಡಿ, ಆಮೇಲೆ ಮಿಕ್ಕದ್ದನ್ನು ಬಳಸಿ. ಅಂಟಿಸಲು ಐದು ರೂಪಾಯಿಯ ಫೆವಿಕ್ವಿಕ್ ಸಾಕು.

ಒಂದು ಬದಿಗೆ ಮೂರು ಕಾರ್ಡು ಉದ್ದಕ್ಕೆ ಜೋಡಿಸಬೇಕು. ಜೋಡಣೆಯ ಗೆರೆ ಕಾಣುತ್ತದಲ್ಲ ಅಂತ ಚಿಂತೆ ಬೇಡ. ಇಂಜಿನ್ನಿನ ಉದ್ದನೆಯ ಮೂಗಿನ ತುಂಬಾ ಬಾಗಿಲುಗಳೇ. ಒಳಗಿನ ಯಂತ್ರ ರಿಪೇರಿಗೆ ನಾವು ಅವನ್ನು ತೆರೆಯುತ್ತಿದ್ದೆವು. ಜೋಡಣೆಯ ಗೆರೆ ಬಾಗಿಲಿನ ಅಂಚಿಗೆ ಬರುವ ಹಾಗೆ ಕತ್ತರಿಸಿದರೆ ಗೆರೆಯೇ ಬಾಗಿಲಾಗುತ್ತದೆ. ಬಾಗಿಲ ಹಲಗೆಗಳಿಗೆ ಮದುವೆ ಕರೆಯೋಲೆಯ ದಪ್ಪ ಕಾಗದ. ರೇಡಿಯೇಟರಿನ ಜಾಲರಿಗೆ ಹಳೇ ಚಹಾ ಸೋಸುವ ಜರಡಿಯ ತುಂಡು. ಬಫರಿಗೆ ಸೈಕಲ್ ಕಡ್ಡಿಯ ನಿಪ್ಪಲ್. ಬ್ರೇಕಿನ ಕೊಳವೆಗೆ ಕೆಟ್ಟ ಇಯರ್‌ಫೋನಿನ ವೈರು.

ಕೊಳವೆಯ ವಿಷಯ ಬಂತು, ಇದನ್ನು ಕೇಳಿ. ಇಂಜಿನ್ನಿನ ಮುಂಭಾಗದಲ್ಲಿ ದಪ್ಪನೆಯ ಒಂದೇ ಕೊಳವೆ ತೂಗುತ್ತಿದ್ದರೆ ಅದು ವ್ಯಾಕ್ಯೂಮ್ ಬ್ರೇಕಿನ ಕಾಲ. ತೆಳ್ಳನೆಯ ಜೋಡಿ ಕೊಳವೆ ಇದ್ದರೆ ಏರ್ ಬ್ರೇಕು. ಬ್ರೇಕ್ ಪೈಪಿಗೆ ಹಸಿರು ಗುರುತು, ಫೀಡ್ ಪೈಪಿಗೆ ಬಿಳಿ. ಎರಡೂ ಇದ್ದರೆ ಎರಡೂ ಬಗೆಯ ಗಾಡಿ ಎಳೆಯುತ್ತಿದ್ದ ನಡುವಿನ ಕಾಲ. ಎರಡು ಇಂಚು ವೈರಿನ ತುಂಡು ಆ ಇಂಜಿನ್ನಿನ ಕಾಲವನ್ನು ಹೇಳಿಬಿಡುತ್ತದೆ. ನಾನು ಎರಡೂ ಬಗೆಯ ಕೊಳವೆ ಹಾಕಿದ್ದೇನೆ. ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ನೋಡಿದ ರೂಪ ಅದು.

ಕೈಹಿಡಿ ಕಂಬಿಗಳದ್ದು ಇನ್ನೊಂದು ಲೆಕ್ಕ. ಈ ಪ್ರಮಾಣದಲ್ಲಿ ಒಂದು ಮಿ.ಮೀ. ಅಂದರೆ ನಿಜದಲ್ಲಿ 87 ಮಿ.ಮೀ., ಹೆಚ್ಚುಕಡಿಮೆ ನಾಲ್ಕು ಬೆರಳಿನ ಅಗಲ. ಗುಂಡುಸೂಜಿಯನ್ನೇ ಕಂಬಿ ಮಾಡಿದರೂ ಅದು ಮನೆಯ ನೀರಿನ ಪೈಪಿಗಿಂತ ದಪ್ಪವಾಗಿ ಕಾಣುತ್ತದೆ. ಕಾಲು ಮಿ.ಮೀ. ತಂತಿ ಬೇಕು. ನಮ್ಮ ಬೀದಿಯ ಭಜನೆ ಮಂಡಳಿಯಲ್ಲಿ ತಂಬೂರಿಯ ತಂತಿ ಬದಲಾಯಿಸಿ ಹಳೆಯದನ್ನು ಬಿಸಾಡುತ್ತಿದ್ದರು. ಅದನ್ನು ಕೇಳಿ ತಂದೆ. ಪಲ್ಲಕ್ಕಿ ಸೇವೆ ಮಾಡಿದ ತಂತಿ ಈಗ ಲೋಕೋ ಪೈಲಟ್ ಹತ್ತುವ ಮೆಟ್ಟಿಲ ಪಕ್ಕ ಇದೆ.

ತೂಕದ್ದೂ ಒಂದು ಪಾಠ. ಉದ್ದ 87ರಲ್ಲಿ ಒಂದಾದರೆ ತೂಕ 87ರಲ್ಲಿ ಒಂದಾಗುವುದಿಲ್ಲ. ಉದ್ದ, ಅಗಲ, ಎತ್ತರ ಮೂರೂ ಕುಗ್ಗುತ್ತವೆ, ಆದ್ದರಿಂದ 87ನ್ನು ಮೂರು ಸಲ ಗುಣಿಸಿ ಭಾಗಿಸಬೇಕು. 112.8 ಟನ್ ಇಂಜಿನ್ 171 ಗ್ರಾಂಗೆ ಇಳಿಯುತ್ತದೆ, ಒಂದು ಮಾವಿನಹಣ್ಣಿನ ತೂಕ! ಅಷ್ಟು ಹಗುರಾದರೆ ಗಾಲಿ ಜಾರುತ್ತದೆ, ಡಬ್ಬಿ ಎಳೆಯುವುದಿಲ್ಲ. ಅದಕ್ಕೇ ಗುಜರಿಯ ಕಬ್ಬಿಣದ ನಟ್ಟುಗಳನ್ನು ಎರಡು ಬೋಗಿಗಳ ಮೇಲೂ ಸಮವಾಗಿ ಬರುವ ಹಾಗೆ ಒಳಗೆ ಅಂಟಿಸಿದೆ.

ದೀಪ

ಹತ್ತನೇ ತರಗತಿಯವರು ಓಮ್ ನಿಯಮ ಓದಿರುತ್ತೀರಿ. ಹಳಿಯಲ್ಲಿ ಹೆಚ್ಚೆಂದರೆ 12 ವೋಲ್ಟ್. ಬಿಳಿ ಎಲ್ಇಡಿಗೆ ಸುಮಾರು 3 ವೋಲ್ಟ್ ಸಾಕು. ಉಳಿದ 9 ವೋಲ್ಟನ್ನು ರೆಸಿಸ್ಟರ್ ಹೊರಬೇಕು. ಸಾವಿರ ಓಮ್ ಹಾಕಿದರೆ 9ನ್ನು 1,000ದಿಂದ ಭಾಗಿಸಿ, 9 ಮಿಲಿಆಂಪ್. ಎಲ್ಇಡಿ ತಾಳಬಲ್ಲದ್ದು ಸಾಮಾನ್ಯವಾಗಿ 20. ಕ್ಷೇಮ.

ಈಗ ಜಾಣತನ. ಮುಂದಿನ ದೀಪವನ್ನೂ ಹಿಂದಿನ ದೀಪವನ್ನೂ ಒಂದಕ್ಕೊಂದು ತಿರುವುಮುರುವಾಗಿ ಜೋಡಿಸಿ, ಎರಡಕ್ಕೂ ಸೇರಿ ಒಂದೇ ರೆಸಿಸ್ಟರ್ ಕೊಡಿ. ಎಲ್ಇಡಿ ಒಂದೇ ದಿಕ್ಕಿನಲ್ಲಿ ಕರೆಂಟು ಬಿಡುತ್ತದೆ. ಹಳಿಯ ಧನ ಋಣ ಅದಲು ಬದಲಾದಾಗ ಮೋಟಾರು ಹಿಂದಕ್ಕೆ ತಿರುಗುತ್ತದೆ, ಅದೇ ಕ್ಷಣ ಮುಂದಿನ ದೀಪ ಆರಿ ಹಿಂದಿನದು ಹತ್ತುತ್ತದೆ. ಬೇರೆ ಸ್ವಿಚ್ಚೇ ಬೇಡ. ಜೊತೆಗೆ ಹತ್ತಿದ ಎಲ್ಇಡಿಯು ಆರಿದ ಎಲ್ಇಡಿಯ ಮೇಲೆ ಹೆಚ್ಚು ಉಲ್ಟಾ ವೋಲ್ಟೇಜ್ ಬೀಳದಂತೆ ಕಾಯುತ್ತದೆ. ಕರೆಂಟಿಗೆ ಹಳೇ ಮೋಡೆಮ್ಮಿನ 12 ವೋಲ್ಟ್ ಅಡಾಪ್ಟರು, ವೇಗ ಹೆಚ್ಚು ಕಡಿಮೆ ಮಾಡಲು ಎಲ್ಎಂ317 ಎಂಬ ಮೂರು ಕಾಲಿನ ಐಸಿ, ಒಂದು ವಾಲ್ಯೂಮ್ ಕಂಟ್ರೋಲ್, ದಿಕ್ಕು ಬದಲಿಸಲು ಆರು ಕಾಲಿನ ಒಂದು ಸ್ವಿಚ್ಚು. ಎಲ್ಲಾ ಸೇರಿ 150 ರೂಪಾಯಿ. ಅಡಾಪ್ಟರನ್ನು ಮಾತ್ರ ಯಾರೂ ಬಿಚ್ಚಬೇಡಿ. ಅದರೊಳಗೆ ಮನೆಯ 230 ವೋಲ್ಟ್ ಇರುತ್ತದೆ.

ಬಣ್ಣ, ಮತ್ತು ಒಂದು 7

ಬಣ್ಣ ಬಳಿಯುವ ಮುಂಚೆ ಮೈಯನ್ನು ಸೋಪು ನೀರಿನಲ್ಲಿ ತೊಳೆದು ಒಣಗಿಸಬೇಕು. ಬೆರಳಿನ ಜಿಡ್ಡಿನ ಮೇಲೆ ಬಣ್ಣ ನಿಲ್ಲುವುದಿಲ್ಲ. ಸ್ಯಾಂಡ್ ಪೇಪರಿನಿಂದ ನಯ ಮಾಡಿ, ಗ್ಯಾರೇಜಿಗೆ ಮಾರುವ ಬೂದು ಪ್ರೈಮರ್ ಸ್ಪ್ರೇ ಹೊಡೆದೆ. ಆಮೇಲೆ ಹೆಣ್ಣುಮಕ್ಕಳು ಸೀರೆಗೆ, ಮಡಕೆಗೆ ಬಳಸುವ ಆಕ್ರಿಲಿಕ್ ಬಣ್ಣ, ನೀರು ಬೆರೆಸಿ ತೆಳ್ಳಗೆ ನಾಲ್ಕು ಸಲ. ತಿಳಿ ಬಣ್ಣ ಮೊದಲು, ಟೇಪು ಅಂಟಿಸಿ ಗಾಢ ಬಣ್ಣ ಆಮೇಲೆ.

ಹೊಸ ಬಣ್ಣದ ಇಂಜಿನ್ನು ಮದುವೆ ಗಂಡಿನ ಹಾಗಿರುತ್ತದೆ. ನನಗೆ ಬೇಕಾದದ್ದು ದುಡಿಯುವ ಇಂಜಿನ್ನು. ಹೊಗೆ ಕೊಳವೆಯ ಸುತ್ತ ಇದ್ದಿಲ ಪುಡಿ, ಬೋಗಿಗಳಿಗೆ ಕೆಮ್ಮಣ್ಣಿನ ಪುಡಿ, ಡೀಸೆಲ್ ತುಂಬುವ ಬಾಯಿಯ ಕೆಳಗೆ ಒಂದು ಎಳೆ ಕಪ್ಪು ಬಣ್ಣ, ಕಾಲಿಟ್ಟು ಸವೆದ ಮೆಟ್ಟಿಲಿನ ಅಂಚಿಗೆ ಪೆನ್ಸಿಲ್ಲಿನ ಸೀಸ. ಒಂದು ಬಾಗಿಲನ್ನು ಬೇಕೆಂದೇ ಬೇರೆ ಛಾಯೆಯಲ್ಲಿ ಬಿಟ್ಟಿದ್ದೇನೆ. ಆ ಇಂಜಿನ್ನಿಗೆ ಇನ್ನೊಂದು ಇಂಜಿನ್ನಿನ ಬಾಗಿಲು ಹಾಕಿ ಕಳಿಸಿದ್ದೆವು, ಬಣ್ಣ ಹೊಂದಿಸಲು ಪುರುಸೊತ್ತಿರಲಿಲ್ಲ. ನೋಡಿದವರು "ಇಲ್ಲಿ ಬಣ್ಣ ಸರಿಯಿಲ್ಲವಲ್ಲ" ಅನ್ನುತ್ತಾರೆ. ಸರಿಯಾಗಿಯೇ ಇದೆ.

ಕೊನೆಗೆ ನಂಬರು. ಕಂಪ್ಯೂಟರಿನಲ್ಲಿ ಅಚ್ಚು ತೆಗೆದು ಅಂಟಿಸಬಹುದಿತ್ತು. ಆದರೆ ನಮ್ಮ ಕಾಲದಲ್ಲಿ ಶೆಡ್ಡಿನಲ್ಲಿ ನಂಬರು ಬರೆಯುತ್ತಿದ್ದದ್ದು ಒಬ್ಬ ಪೇಂಟರಣ್ಣ, ಬ್ರಷ್ಷಿನಲ್ಲಿ, ಕೈಯಲ್ಲೇ. ಅವರ 7 ಬೇರೆಯವರ 7ರ ಹಾಗಿರುತ್ತಿರಲಿಲ್ಲ. ಮೇಲಿನ ಗೆರೆ ಎಡತುದಿಯಲ್ಲಿ ಸ್ವಲ್ಪ ಕೆಳಗೆ ಬಾಗಿ, ಕಾಲು ಕೊಂಚ ಒಳಗೆ ಸರಿದಿರುತ್ತಿತ್ತು. ದೂರದ ಸ್ಟೇಷನ್ನಿನಲ್ಲಿ ನಿಂತು ಬರುತ್ತಿರುವ ಇಂಜಿನ್ನಿನ 7 ನೋಡಿ "ಇದು ನಮ್ಮ ಶೆಡ್ಡಿನದು" ಅಂತ ಹೇಳುತ್ತಿದ್ದೆವು. ಒಂದು ಹಳೇ ಗ್ರೂಪ್ ಫೋಟೋದಲ್ಲಿ ನಮ್ಮ ತಲೆಗಳ ಹಿಂದೆ ಆ ನಂಬರು ಅರ್ಧ ಕಾಣುತ್ತಿತ್ತು. ಅದನ್ನು ನೋಡಿ ಎರಡು ಎಳೆ ಕೂದಲಿನ ಬ್ರಷ್ಷಿನಲ್ಲಿ ಬರೆದೆ. ಒಂದು ಅಂಕಿಗೆ ಒಂದು ಸಂಜೆ ಹಿಡಿಯಿತು.

ಪೇಂಟರಣ್ಣ ತೀರಿಕೊಂಡು ಕೆಲವು ವರ್ಷ ಆಗಿದೆ. ಅವರ ಮಗ ಒಂದು ದಿನ ಯಾವುದೋ ಕಾಗದಕ್ಕೆ ಸಹಿ ಕೇಳಲು ನಮ್ಮ ಮನೆಗೆ ಬಂದಿದ್ದರು. ಕಾಫಿ ಕುಡಿಯುತ್ತಾ ಕಪಾಟಿನ ಕಡೆ ನೋಡಿದವರು ಲೋಟ ಕೆಳಗಿಟ್ಟು ಎದ್ದು ಹೋದರು. ನಾನು ಏನೂ ಹೇಳಿರಲಿಲ್ಲ. "ಇದು ಅಪ್ಪಾಜಿ ಬರೆಯುತ್ತಿದ್ದ ಏಳು ಅಲ್ಲವಾ ಅಂಕಲ್?" ಅಂತ ಕೇಳಿದರು. ಹೌದಪ್ಪಾ ಅಂದೆ. ಅವರ ಮನೆಯಲ್ಲಿ ತಂದೆಯ ಕೈಬರಹದ ಒಂದು ಚೀಟಿಯೂ ಉಳಿದಿರಲಿಲ್ಲವಂತೆ. ಜೀವಮಾನವೆಲ್ಲಾ ಬರೆದದ್ದು ಇಂಜಿನ್ನುಗಳ ಮೇಲೆ, ಆ ಇಂಜಿನ್ನುಗಳು ಗುಜರಿಗೆ ಹೋದವು. ಐದು ಮಿ.ಮೀ. ಎತ್ತರದ ಒಂದು ಅಂಕಿಯಲ್ಲಿ ಅವರ ಕೈ ಉಳಿದಿದೆ.

ಖರ್ಚಿನ ಲೆಕ್ಕ

ಮಾತು ಕೊಟ್ಟಂತೆ ಲೆಕ್ಕ. ಹಳೇ ಇಂಜಿನ್ನು, ಹಳಿ 1,100. ಗೇರು 160. ಪ್ರೈಮರ್ 220. ಬಣ್ಣ 100. ಬ್ರಷ್ಷು 40. ಅಂಟು 15. ಎಲ್ಇಡಿ, ರೆಸಿಸ್ಟರ್ 30. ಕಟರ್ ಬ್ಲೇಡು 40. ಟೇಪು 25. ವೇಗ ನಿಯಂತ್ರಣದ ಸಾಮಾನು 150. ಒಟ್ಟು 1,880. ಕಾರ್ಡು, ತಂತಿ, ಜರಡಿ, ನಟ್ಟು, ಇದ್ದಿಲು, ಕೆಮ್ಮಣ್ಣು, ಇವಕ್ಕೆ ಲೆಕ್ಕ ಇಲ್ಲ. ಸಮಯ ಏಳು ತಿಂಗಳು, ದಿನಕ್ಕೆ ಒಂದು ಗಂಟೆ. 1,880 ಕೂಡ ಒಬ್ಬ ವಿದ್ಯಾರ್ಥಿಗೆ ದೊಡ್ಡ ಮೊತ್ತವೇ, ಗೊತ್ತು. ಹತ್ತು ಜನ ಸೇರಿದರೆ ತಲೆಗೆ 188. ಓಡದಿದ್ದರೂ ಪರವಾಗಿಲ್ಲ ಅನ್ನುವವರಿಗೆ ಚಾಸಿ, ಗೇರು, ವೇಗ ನಿಯಂತ್ರಣ ಯಾವುದೂ ಬೇಡ. ಎಲ್ಲವನ್ನೂ ಕಾರ್ಡಿನಲ್ಲೇ ಮಾಡಬಹುದು, ಇನ್ನೂರು ಮುನ್ನೂರಿನಲ್ಲಿ ಮುಗಿಯುತ್ತದೆ. ಅಳತೆ ನಿಜವಾಗಿದ್ದರೆ ಅದೂ ದಾಖಲೆಯೇ.

ಮಕ್ಕಳೆ, ನೀವು ಡೀಸೆಲ್ ಇಂಜಿನ್ನನ್ನೇ ಮಾಡಬೇಕು ಅಂತಿಲ್ಲ. ನಿಮ್ಮ ಮನೆಯಲ್ಲಿ ಮೂಲೆಗೆ ಬಿದ್ದಿರುವ ಬಾವಿಯ ರಾಟೆ ಇರಬಹುದು, ಅಜ್ಜನ ಎತ್ತಿನ ಗಾಡಿ ಇರಬಹುದು, ಊರಿನ ಹಳೇ ಹಿಟ್ಟಿನ ಗಿರಣಿ ಇರಬಹುದು. ಅವು ಹೋಗುವ ಮುಂಚೆ ಅಳತೆಪಟ್ಟಿ ಹಿಡಿದುಕೊಂಡು ಹೋಗಿ. ಬಳಸಿದವರನ್ನು ಮಾತಾಡಿಸಿ, ಯಾವ ಭಾಗ ಬೇಗ ಸವೆಯುತ್ತಿತ್ತು ಅಂತ ಕೇಳಿ. ಆ ಪ್ರಶ್ನೆಗೆ ಯಾವ ಪುಸ್ತಕದಲ್ಲೂ ಉತ್ತರ ಇರುವುದಿಲ್ಲ. ರೈಲಿನದ್ದೇ ಮಾಡುವುದಾದರೆ ಪ್ಲಾಟ್‌ಫಾರ್ಮಿನಲ್ಲಿ ನಿಂತು, ಮೇಷ್ಟ್ರ ಜೊತೆ, ಅನುಮತಿ ಪಡೆದು ನೋಡಿ. ಹಳಿ ಮೇಲೆ ಇಳಿಯುವುದು ಅಪರಾಧ, ಅದಕ್ಕಿಂತ ಹೆಚ್ಚಾಗಿ ಅಪಾಯ. ವಿದ್ಯುತ್ ಗಾಡಿ ಬರುವುದು ಹಳೇ ಆಲ್ಕೋ ಹಾಗೆ ದೂರದಿಂದಲೇ ಕೇಳಿಸುವುದಿಲ್ಲ.

ಈ ಇಂಜಿನ್ನು, ಹಳಿ, ನೋಟ್ ಪುಸ್ತಕ ಮೂರನ್ನೂ ಇವತ್ತು ಶಾಲೆಯ ಪ್ರಯೋಗಾಲಯಕ್ಕೆ ಕೊಡುತ್ತಿದ್ದೇನೆ. ಮುಖ್ಯೋಪಾಧ್ಯಾಯರಲ್ಲಿ ಒಂದೇ ಕೋರಿಕೆ: ಗಾಜಿನ ಬೀರುವಿನಲ್ಲಿ ಬೀಗ ಹಾಕಿ ಇಡಬೇಡಿ. ಪ್ರತಿ ವರ್ಷ ಒಂಬತ್ತನೇ ತರಗತಿಯ ಮಕ್ಕಳು ಇದನ್ನು ಬಿಚ್ಚಿ, ಗಾಲಿ ಒರೆಸಿ, ಸೂಜಿ ತುದಿಯಲ್ಲಿ ಎಣ್ಣೆ ಬಿಟ್ಟು ಓಡಿಸಲಿ. ಮುರಿದರೆ ಅಂಟಿಸಲಿ. ಏನು ಬದಲಾಯಿಸಿದರು ಅಂತ ನೋಟ್ ಪುಸ್ತಕದಲ್ಲಿ ತಾರೀಖು ಹಾಕಿ ಬರೆಯಲಿ. ಮೂವತ್ತಕ್ಕೂ ಹೆಚ್ಚು ಪುಟ ಖಾಲಿ ಬಿಟ್ಟಿದ್ದೇನೆ.

 ಈಗ ಮುಂದಿನ ಸಾಲಿನಿಂದ ಒಬ್ಬೊಬ್ಬರಾಗಿ ಬನ್ನಿ, ಹಳಿಗೆ ಕರೆಂಟು ಕೊಡೋಣ.